‘ನರ ಕತ್ತರಿಸಿದ್ರೆ ಕೈ ಬಿದ್ದುಹೋಗುತ್ತಾ, ಡಾಕ್ಟ್ರೇ?’

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಮ್ಮನಿಗೆ 46 ವರ್ಷ. ನಮ್ಮೂರು ಮಳವಳ್ಳಿ ಕಡೆ, ಈಗ ಮೈಸೂರಿನಲ್ಲಿದ್ದೇವೆ. ಅಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುತ್ತಾರೆ. ಐದಾರು ವರ್ಷದಿಂದ ಬೆಳಗಿನ ಜಾವ ಒದ್ದೆ ಹೂವಿಗೆ ಕೈ ಹಾಕಿದರೆ ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತೆ, ಆಮೇಲೆ ನೀಲಿ, ಬಿಸಿಲಿಗೆ ಹಿಡಿದರೆ ಕೆಂಪಾಗಿ ಉರಿ. ಎರಡು ವರ್ಷದಿಂದ ಬೆರಳಿನ ಚರ್ಮ ಬಿಗಿದುಕೊಂಡಿದೆ, ಉಂಗುರ ಬರುತ್ತಿಲ್ಲ, ಬಾಯಿ ಅಗಲವಾಗಿ ತೆರೆಯಲು ಆಗುತ್ತಿಲ್ಲ, ಎದೆಯುರಿ ಬೇರೆ. ನಾಲ್ಕು ತಿಂಗಳಿಂದ ಬಲಗೈ ತೋರುಬೆರಳು ಮತ್ತು ನಡುಬೆರಳ ತುದಿಯಲ್ಲಿ ಹುಣ್ಣು, ವಾಸಿಯಾಗುತ್ತಿಲ್ಲ. ನಡುಬೆರಳ ತುದಿ ಕಪ್ಪಾಗಿದೆ. ರಾತ್ರಿಯೆಲ್ಲ ನೋವಿಗೆ ಎದ್ದು ಕೂರುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ. ರಕ್ತದಲ್ಲಿ ಎಎನ್ಎ ಪಾಸಿಟಿವ್ ಬಂದಿದೆ. ರಕ್ತನಾಳ ಸಡಿಲಿಸಲು ನಿಫೆಡಿಪಿನ್ ಮಾತ್ರೆ ಕೊಟ್ಟಿದ್ದರು, ಕಾಲು ಊದಿಕೊಂಡಿತು ಅಂತ ಅಮ್ಮನೇ ಮೂರು ವಾರಕ್ಕೆ ನಿಲ್ಲಿಸಿದರು. ಅರೆತಲೆನೋವಿಗೆ ಪ್ರೊಪ್ರನೊಲಾಲ್ ಮೂರು ವರ್ಷದಿಂದ ನುಂಗುತ್ತಾರೆ. ಬೀಡಿ, ಸಿಗರೇಟು ಮನೆಯಲ್ಲಿ ಯಾರಿಗೂ ಇಲ್ಲ, ಅಮ್ಮ ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕಿಕೊಳ್ಳುತ್ತಾರೆ ಅಷ್ಟೆ. ಒಬ್ಬ ಡಾಕ್ಟರು ಅಂಗೈ ಬಗೆದು ರಕ್ತನಾಳದ ಸುತ್ತಲಿನ ನರ ತೆಗೆಯಬೇಕು ಎಂದರು. ಇನ್ನೊಬ್ಬರು ಎದೆಯಲ್ಲಿ ತೂತು ಮಾಡಿ ನರ ಕತ್ತರಿಸಬೇಕು ಎಂದರು. ಸೋದರಮಾವ, ‘ನರ ಕತ್ತರಿಸಿದ್ರೆ ಕೈಯೇ ಬಿದ್ದುಹೋಗುತ್ತೆ, ಆಮೇಲೆ ಬೆರಳು, ಮುಂಗೈ, ತೋಳು ಅಂತ ಕತ್ತರಿಸ್ತಾನೇ ಹೋಗ್ತಾರೆ’ ಅನ್ನುತ್ತಾರೆ. ಅಜ್ಜಿ ದಿನಾ ಬಿಸಿ ಕರ್ಪೂರದ ಎಣ್ಣೆ ತಿಕ್ಕುತ್ತಿದ್ದಾರೆ. ಆಪರೇಷನ್ ಬೇಕೇ ಬೇಕಾ? ಮಾಡಿಸಿದರೆ ಮತ್ತೆ ಬರುತ್ತಾ? ಅಮ್ಮ ಮತ್ತೆ ಹೂ ಕಟ್ಟಬಹುದಾ?

ಉತ್ತರ: ನಿಮ್ಮ ಸೋದರಮಾವನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಭಯವನ್ನು ನಾನು ಹೊರರೋಗಿ ವಿಭಾಗದಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದರ ಬೇರು ‘ನರ’ ಅನ್ನುವ ಪದದಲ್ಲೇ ಇದೆ. ಡ್ರಿಪ್ ಹಾಕುವಾಗ ‘ನರ ಸಿಗ್ತಾ ಇಲ್ಲ’ ಅನ್ನುತ್ತೇವೆ, ಅದು ರಕ್ತನಾಳ. ಕಾಲಲ್ಲಿ ‘ನರ ಉಬ್ಬಿದೆ’ ಅನ್ನುತ್ತೇವೆ, ಅದೂ ರಕ್ತನಾಳ. ಕತ್ತು ತಿರುಗದಿದ್ದಾಗ ‘ನರ ಹಿಡ್ಕೊಂಡಿದೆ’ ಅನ್ನುತ್ತೇವೆ, ಅದು ಬಹುಪಾಲು ಸ್ನಾಯು. ಕೈ ಜೋಮು ಹಿಡಿದಾಗ ಮಾತ್ರ ನಾವು ಹೇಳುವ ನರ ನಿಜವಾಗಿಯೂ ನರ. ಹೀಗೆ ಒಂದೇ ಪದ ನಾಲ್ಕು ಕೆಲಸ ಮಾಡುವಾಗ, ‘ನರ ಕತ್ತರಿಸುತ್ತೇವೆ’ ಎಂದು ಡಾಕ್ಟರು ಅವಸರದಲ್ಲಿ ಹೇಳಿ ಎದ್ದುಹೋದರೆ ಮನೆಯವರು ಹೆದರದೆ ಇನ್ನೇನು ಮಾಡುತ್ತಾರೆ? ತಪ್ಪು ನಮ್ಮದು, ಬಿಡಿಸಿ ಹೇಳಬೇಕಿತ್ತು.

ಬೆರಳನ್ನು ಮಡಿಸಲು, ಚಾಚಲು ಒಂದು ಬಗೆಯ ನರಗಳಿವೆ. ಮುಟ್ಟಿದ್ದು, ಚುಚ್ಚಿದ್ದು, ಸುಟ್ಟಿದ್ದು ತಿಳಿಸಲು ಇನ್ನೊಂದು ಬಗೆ. ಇವೆರಡನ್ನೂ ಈ ಆಪರೇಷನ್ನಿನಲ್ಲಿ ಯಾರೂ ಕತ್ತರಿಸುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಗುರುತಿಸಿ ಪಕ್ಕಕ್ಕೆ ಸರಿಸಿ ಕಾಪಾಡುತ್ತೇವೆ. ತೆಗೆಯುವುದು ಮೂರನೆಯ ಬಗೆಯದನ್ನು. ಕೂದಲೆಳೆಗಿಂತ ಸಣ್ಣ ಈ ಸಿಂಪಥೆಟಿಕ್ ನರಗಳು ರಕ್ತನಾಳದ ಹೊರಪದರದಲ್ಲಿ ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಚಳಿಯಾದಾಗ, ಗಾಬರಿಯಾದಾಗ ರಕ್ತನಾಳವನ್ನು ಬಿಗಿಯುವುದು ಇವುಗಳ ಕೆಲಸ. ಆರೋಗ್ಯವಂತರಲ್ಲೂ ಹೀಗೆ ಆಗುತ್ತದೆ, ಮೈಯ ಶಾಖ ಉಳಿಸಿಕೊಳ್ಳಲು. ನಿಮ್ಮ ಅಮ್ಮನಲ್ಲಿ ಆ ಬಿಗಿತ ಅತಿಯಾಗಿದೆ. ಬೆಳ್ಳಗೆ, ನೀಲಿ, ಕೆಂಪು ಎಂದು ನೀವು ಬರೆದ ಮೂರು ಬಣ್ಣಗಳ ಈ ಆಟವನ್ನು 1862ರಲ್ಲಿ ಮಾರಿಸ್ ರೇನಾಡ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದರು, ಅವರ ಹೆಸರಿನಲ್ಲೇ ಇಂದಿಗೂ ಕರೆಯುತ್ತೇವೆ.

ನೀವು ಮಳವಳ್ಳಿ ಕಡೆಯವರಾದ್ದರಿಂದ ನಾಲೆಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಕನ್ನಂಬಾಡಿಯಲ್ಲಿ ನೀರು ಬಿಟ್ಟಿದ್ದಾರೆ, ವಿ.ಸಿ. ನಾಲೆಯ ಕೊನೇ ಭಾಗದ ಗದ್ದೆಗೆ ಮಾತ್ರ ತಲುಪಿಲ್ಲ ಅಂದುಕೊಳ್ಳಿ. ಮೇಲೆ ನೀರುಗಂಟಿ ತೂಬು ಇಳಿಸಿರಬಹುದು, ಇಲ್ಲವೇ ಕಾಲುವೆಯಲ್ಲೇ ಹೂಳು ತುಂಬಿರಬಹುದು. ದೇಹದ ಮಟ್ಟಿಗೆ ಬೆರಳ ತುದಿಯೂ ಕೊನೇ ಭಾಗದ ಗದ್ದೆಯೇ. ಆ ಸಿಂಪಥೆಟಿಕ್ ನರವೇ ನೀರುಗಂಟಿ. ಆಪರೇಷನ್ ತೂಬು ಎತ್ತುತ್ತದೆ, ಹೂಳು ತೆಗೆಯುವುದಿಲ್ಲ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದಕ್ಕೂ, ಮಾಡಿಸಿದ ಮೇಲೂ ಕೆಲವರಿಗೆ ಮತ್ತೆ ಬರುವುದಕ್ಕೂ ಕಾರಣ ಇಲ್ಲೇ ಇದೆ.

ಬರೀ ತೂಬಿನ ತೊಂದರೆ ಇರುವವರು ಬಹಳ ಜನ. ಹದಿನೆಂಟು, ಇಪ್ಪತ್ತರ ಹೆಣ್ಣುಮಕ್ಕಳಲ್ಲಿ ಚಳಿಗೆ ಎರಡೂ ಕೈ ಬೆರಳು ಬೆಳ್ಳಗಾಗಿ, ಹುಣ್ಣಾಗದೆ, ಬೆಚ್ಚಗಾದೊಡನೆ ಸರಿಹೋಗುತ್ತದೆ. ಅವರಿಗೆ ಆಪರೇಷನ್ನಿನ ಮಾತೇ ಬೇಡ. ಆದರೆ ನಲವತ್ತರ ಹೊಸ್ತಿಲಲ್ಲಿ ಶುರುವಾಗಿ, ಚರ್ಮ ಬಿಗಿದು, ಬಾಯಿ ಕಿರಿದಾಗಿ, ಎದೆಯುರಿ ಸೇರಿ, ಹುಣ್ಣಾದರೆ ನಾವು ಮೊದಲು ಯೋಚಿಸುವುದು ಸ್ಕ್ಲೀರೋಡರ್ಮಾ ಎಂಬ ಕಾಯಿಲೆಯನ್ನು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬಿದ್ದು ಚರ್ಮ, ಅನ್ನನಾಳ, ಶ್ವಾಸಕೋಶ, ರಕ್ತನಾಳದ ಒಳಗೋಡೆ ಎಲ್ಲವನ್ನೂ ದಪ್ಪಗಾಗಿಸುತ್ತದೆ. ಅಂದರೆ ತೂಬೂ ಇಳಿದಿರುತ್ತದೆ, ಹೂಳೂ ತುಂಬಿರುತ್ತದೆ. ಪತ್ರ ಓದಿ ರೋಗ ಇದೇ ಎಂದು ನಾನು ಹೇಳಬಾರದು. ದೇಹ ತನ್ನ ಮೇಲೇ ತಿರುಗಿಬಿದ್ದಿರುವ ಸುಳಿವು ಹುಡುಕುವ ಎಎನ್ಎ ರಕ್ತಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೂ ಸಾಬೀತಾಗುವುದಿಲ್ಲ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುವುದುಂಟು. ಆದರೆ ನೀವು ಬರೆದ ಲಕ್ಷಣಗಳನ್ನು ಒಟ್ಟಿಗಿಟ್ಟು ನೋಡಿದರೆ ಅವರು ಸರ್ಜನ್ನರಿಗಿಂತ ಮೊದಲು ರುಮಟಾಲಜಿಸ್ಟ್ (ಕೀಲು ಮತ್ತು ಇಂಥ ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳ ತಜ್ಞರು) ಬಳಿ ಹೋಗಲೇಬೇಕು. ಶ್ವಾಸಕೋಶದ ಪರೀಕ್ಷೆ, ಹೃದಯದ ಎಕೋ, ಮೂತ್ರಪಿಂಡದ ಪರೀಕ್ಷೆ ಆಗಬೇಕು. ಬೆರಳು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರ ಹಿಂದೆ ಬಿದ್ದಿದ್ದೀರಿ. ಜೀವಕ್ಕೆ ಅಪಾಯ ಬರುವುದಾದರೆ ಕಾಣದ ಕಡೆಯಿಂದ ಬರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ನೋವು, ಊತಕ್ಕೆಂದು ಮೆಡಿಕಲ್ ಶಾಪಿನಲ್ಲಿ ಸ್ಟಿರಾಯ್ಡ್ ಮಾತ್ರೆ ಕೇಳಿ ತಂದು ನುಂಗಿಸಬೇಡಿ. ಸ್ಕ್ಲೀರೋಡರ್ಮಾ ಇರುವವರಲ್ಲಿ ದೊಡ್ಡ ಪ್ರಮಾಣದ ಸ್ಟಿರಾಯ್ಡ್‌ನಿಂದ ರಕ್ತದೊತ್ತಡ ದಿಢೀರನೆ ಏರಿ ಮೂತ್ರಪಿಂಡ ಕೈಕೊಡುವ ಅಪಾಯ ಹೆಚ್ಚು.

ಬೆರಳು ಕಪ್ಪಾಗಲು ಬೇರೆ ದಾರಿಗಳೂ ಇವೆ, ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಮಂಡ್ಯ, ಪಾಂಡವಪುರದ ಆಲೆಮನೆಗಳಿಂದ ನನ್ನ ಬಳಿ ಬರುವ ಮೂವತ್ತೈದು, ನಲವತ್ತರ ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವುದು ಬೀಡಿಯಿಂದ ಬರುವ, ಕೈಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಗರ್ಸ್ ಕಾಯಿಲೆ. 1908ರಲ್ಲಿ ಲಿಯೋ ಬರ್ಗರ್ ಇದನ್ನು ವಿವರವಾಗಿ ಬರೆದರು. ಅಂದಿನಿಂದ ಇಂದಿನವರೆಗೆ ತಂಬಾಕು ಬಿಡುವುದಕ್ಕಿಂತ ದೊಡ್ಡ ಚಿಕಿತ್ಸೆ ಅದಕ್ಕೆ ಸಿಕ್ಕಿಲ್ಲ. ಒಂದೇ ಕೈಯ ಬೆರಳುಗಳು ಮಾತ್ರ ತಣ್ಣಗಿದ್ದರೆ ಕತ್ತಿನ ಬುಡದಲ್ಲಿ ಹೆಚ್ಚುವರಿ ಪಕ್ಕೆಲುಬು ಬೆಳೆದು ರಕ್ತನಾಳ ಅದುಮಿರಬಹುದು, ಆಗ ಆಪರೇಷನ್ನೇ ಸರಿಯಾದ ಮದ್ದು. ಇನ್ನು, ಚೆನ್ನಾಗಿದ್ದ ಕೈ ಇದ್ದಕ್ಕಿದ್ದಂತೆ ಪೂರ್ತಿ ಬಿಳಿಚಿ, ತಣ್ಣಗಾಗಿ, ನಾಡಿ ಸಿಗದಂತಾದರೆ ಹೃದಯದಿಂದ ಹೆಪ್ಪು ಹರಿದುಬಂದು ಸಿಕ್ಕಿಕೊಂಡಿದೆ ಎಂದೇ ತಿಳಿದು ಆ ಗಳಿಗೆಯಲ್ಲೇ ಹೊರಡಬೇಕು. ಐದಾರು ಗಂಟೆಯೊಳಗೆ ಹೆಪ್ಪು ತೆಗೆದರೆ ಕೈ ಉಳಿಯುವ ಅವಕಾಶ ಚೆನ್ನಾಗಿರುತ್ತದೆ. ಬೆಳಿಗ್ಗೆ ನೋಡೋಣ ಎಂದು ಮಲಗಿ ಕೈ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮೂರು ವಿಷಯಕ್ಕೆ ಬರುತ್ತೇನೆ.

ಒಂದು, ಪ್ರೊಪ್ರನೊಲಾಲ್. ಅರೆತಲೆನೋವಿಗೆ ಒಳ್ಳೆಯ ಮಾತ್ರೆ, ನಿಜ. ಆದರೆ ಬೆರಳಿನ ರಕ್ತನಾಳ ಬಿಗಿಯುವ ಕಾಯಿಲೆ ಇದ್ದವರಲ್ಲಿ ಆ ಬಿಗಿತವನ್ನು ಅದು ಇನ್ನೂ ಹೆಚ್ಚಿಸಬಲ್ಲದು. ತಲೆನೋವು ಬಂದಾಗ ನುಂಗುವ ಎರ್ಗೋಟಮಿನ್, ಸುಮಾಟ್ರಿಪ್ಟಾನ್ ಮಾತ್ರೆಗಳೂ, ಮೂಗು ಕಟ್ಟಿದಾಗ ಕೊಡುವ ಕೆಲವು ನೆಗಡಿ ಮಾತ್ರೆಗಳೂ ಹಾಗೆಯೇ. ನಾಳೆಯೇ ನಿಲ್ಲಿಸಿಬಿಡಬೇಡಿ; ಈ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಎದೆಬಡಿತ, ರಕ್ತದೊತ್ತಡ ಏರಬಹುದು. ಬರೆದುಕೊಟ್ಟ ಡಾಕ್ಟರಿಗೆ ಬೆರಳು ತೋರಿಸಿ, ಹಂತಹಂತವಾಗಿ ಇಳಿಸಿ ಬೇರೆ ಮಾತ್ರೆಗೆ ಬದಲಾಯಿಸಲು ಹೇಳಿ. ಬೆರಳು ನೋಡಿದ ಡಾಕ್ಟರಿಗೆ ತಲೆನೋವಿನ ಮಾತ್ರೆಯ ವಿಷಯ ಯಾರಾದರೂ ಹೇಳಿದ್ದೀರಾ? ಹೇಳಿರಲಾರಿರಿ ಅಂತ ನನ್ನ ಅನುಮಾನ. ಎರಡಕ್ಕೂ ಸಂಬಂಧ ಇದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ.

ಎರಡು, ಕಡ್ಡಿಪುಡಿ. ‘ಅಷ್ಟೆ’ ಎಂದು ಬರೆದಿದ್ದೀರಿ, ಅದೂ ತಂಬಾಕೇ. ಹೊಗೆಯಾಗಿ ಎಳೆದರೂ ದವಡೆಯಲ್ಲಿ ಇಟ್ಟುಕೊಂಡರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ರಕ್ತನಾಳವನ್ನು ಬಿಗಿಯುತ್ತದೆ. ನಮ್ಮ ಕಡೆ ಹೆಂಗಸರಿಗೆ ‘ಸೇದ್ತೀರಾ’ ಎಂದು ಕೇಳಿ, ‘ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ಎಲೆಅಡಿಕೆಯನ್ನೇ ಬಿಡಿಸಿ ಎಂದರೆ ಅಮ್ಮ ಒಪ್ಪದಿರಬಹುದು, ಮೊದಲು ಕಡ್ಡಿಪುಡಿ ಹೋಗಲಿ. ಕಡ್ಡಿಪುಡಿ ಬಿಡುವವರೆಗೂ ನಾನಾದರೆ ಚಾಕು ಹಿಡಿಯುವುದಿಲ್ಲ. ಶಿಕ್ಷೆಗಾಗಿ ಹೇಳುತ್ತಿಲ್ಲ. ಬಿಗಿದ ರಕ್ತನಾಳದ ಕೈಯಲ್ಲಿ ನಾನು ಹಾಕಿದ ಹೊಲಿಗೆಯೂ ಕೂಡಿಕೊಳ್ಳುವುದಿಲ್ಲ, ಅದಕ್ಕೆ.

ಮೂರು, ಔಷಧಕ್ಕೆ ಇನ್ನೂ ಸರಿಯಾದ ಅವಕಾಶವೇ ಸಿಕ್ಕಿಲ್ಲ. ನಿಫೆಡಿಪಿನ್‌ನಿಂದ ಕಾಲು ಊದುವುದು ಗೊತ್ತಿರುವ ವಿಷಯ, ಹೆದರಬೇಕಿಲ್ಲ. ಪ್ರಮಾಣ ಇಳಿಸಬಹುದು ಅಥವಾ ಅದೇ ಗುಂಪಿನ ಬೇರೆ ಮಾತ್ರೆ ನೋಡಬಹುದು. ಅದರ ಮೇಲಿನ ಮೆಟ್ಟಿಲು ಸಿಲ್ಡೆನಾಫಿಲ್, ಟಡಾಲಾಫಿಲ್. ಇವನ್ನು ಗಂಡಸರ ಲೈಂಗಿಕ ಸಮಸ್ಯೆಯ ಮಾತ್ರೆ ಎಂದೇ ಎಲ್ಲರೂ ಬಲ್ಲರು. ಚೀಟಿ ತೆಗೆದುಕೊಂಡು ಹೋದ ಹೆಣ್ಣುಮಗಳನ್ನು ಅಂಗಡಿಯವರು ಒಂಥರಾ ನೋಡಿದರೆಂದು ಮಾತ್ರೆಯನ್ನೇ ಕೊಳ್ಳದೆ ವಾಪಸು ಬಂದವರಿದ್ದಾರೆ. ರಕ್ತನಾಳ ಸಡಿಲಿಸುವುದೇ ಅದರ ಕೆಲಸ, ಬೆರಳಿನಲ್ಲೂ ಅದನ್ನೇ ಮಾಡುತ್ತದೆ. ಹೃದಯದ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇದನ್ನು ಮುಟ್ಟಬಾರದು. ನಿಮ್ಮ ಅಮ್ಮನಂತೆ ತುದಿ ಕಪ್ಪಾಗಿರುವವರಿಗೆ ಆಸ್ಪತ್ರೆಗೆ ಸೇರಿಸಿಕೊಂಡು ರಕ್ತನಾಳ ಹಿಗ್ಗಿಸುವ ಪ್ರೊಸ್ಟಾಗ್ಲಾಂಡಿನ್ ಗುಂಪಿನ ಔಷಧವನ್ನು ಡ್ರಿಪ್ ಮೂಲಕ ಕೆಲವು ದಿನ ಕೊಡುತ್ತೇವೆ, ರಕ್ತದೊತ್ತಡ ನೋಡಿಕೊಂಡು. ಬೊಸೆಂಟಾನ್ ಎಂಬುದು ಹೊಸ ಹುಣ್ಣು ಆಗದಂತೆ ತಡೆಯಲು ಒಳ್ಳೆಯದು, ಇರುವ ಹುಣ್ಣನ್ನು ಬೇಗ ಮಾಯಿಸುವುದಿಲ್ಲ. ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಅಂಗೈಗೆ ಬೊಟಾಕ್ಸ್ ಚುಚ್ಚುವ ಕ್ರಮವೂ ಇದೆ. ಕೆಲವರಿಗೆ ನೋವು ಇಳಿದದ್ದು ನೋಡಿದ್ದೇನೆ, ಆದರೆ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ. ಅದರ ಮೇಲೆ ಭಾರ ಹಾಕಿ ಕೂರುವುದು ಬೇಡ.

ಇಷ್ಟೆಲ್ಲ ಸರಿಯಾಗಿ ನಡೆದ ಮೇಲೂ ರಾತ್ರಿ ನೋವು ನಿಲ್ಲದಿದ್ದರೆ, ಹುಣ್ಣು ಮಾಯದಿದ್ದರೆ ಆಪರೇಷನ್. ತಿಂಗಳುಗಟ್ಟಲೆ ಕಾಯಿರಿ ಎನ್ನುತ್ತಿಲ್ಲ, ಕಪ್ಪು ತುದಿ ಇರುವಾಗ ಕೆಲವೇ ವಾರಗಳಲ್ಲಿ ಇದನ್ನೆಲ್ಲ ಒಟ್ಟಿಗೆ ಮಾಡಿ ನೋಡಬೇಕು.

ಯಾವ ಆಪರೇಷನ್ ಎಂದು ಹೇಳಲು ಮೊದಲು ನಾಲೆಯ ನಕ್ಷೆ ಬೇಕು. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆ ಒಂದು, ಕಿರುಬೆರಳ ಕಡೆ ಒಂದು ಎಂದು ಎರಡು ದೊಡ್ಡ ರಕ್ತನಾಳಗಳು ಬಂದು ಅಂಗೈಯಲ್ಲಿ ಕಮಾನಿನಂತೆ ಸೇರುತ್ತವೆ. ಅಲ್ಲಿಂದ ಪ್ರತಿ ಬೆರಳಿಗೆ ಎರಡೆರಡು ಕವಲು. ಸ್ಕ್ಲೀರೋಡರ್ಮಾದಲ್ಲಿ ಕಿರುಬೆರಳ ಕಡೆಯದು ಮಣಿಕಟ್ಟಿನಲ್ಲೇ ಮುಚ್ಚಿಹೋಗಿರುವುದು ಅಪರೂಪವಲ್ಲ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಆಪರೇಷನ್ ಖಚಿತವಾದರೆ ಮೂತ್ರಪಿಂಡ ಸರಿಯಿದೆ ಎಂದು ನೋಡಿಕೊಂಡು, ನಾಳಕ್ಕೆ ಔಷಧ ಬಿಟ್ಟು ಚಿತ್ರ ತೆಗೆಯುವ ಆಂಜಿಯೋಗ್ರಾಮ್ ಮಾಡಿಸಬೇಕು. ಇನ್ನೊಂದು ಸರಳ ಪರೀಕ್ಷೆಯನ್ನು ನಾನು ಬಿಡುವುದಿಲ್ಲ. ಮಣಿಕಟ್ಟಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೆರಳು ಬೆಚ್ಚಗಾಗುತ್ತದೋ ಎಂದು ನೋಡುವುದು. ಬೆಚ್ಚಗಾಗಿ ಬಣ್ಣ ಬಂದರೆ ತೂಬು ಎತ್ತಿದರೆ ನೀರು ಬರುತ್ತದೆ ಎಂದರ್ಥ. ಏನೂ ಆಗದಿದ್ದರೆ ಹೂಳೇ ಹೆಚ್ಚು, ನರ ತೆಗೆದು ಬಹಳ ಪ್ರಯೋಜನ ಸಿಗಲಾರದು.

ಮೊದಲ ಡಾಕ್ಟರು ಹೇಳಿದ್ದು ಅಂಗೈಯ ಆಪರೇಷನ್. ರಕ್ತನಾಳದ ಸುತ್ತಲಿನ ಪದರ ಸುಲಿಯುವ ಯೋಚನೆ 1913ರಷ್ಟು ಹಿಂದೆಯೇ ಫ್ರೆಂಚ್ ಸರ್ಜನ್ ರೆನೆ ಲೆರಿಶ್ ಅವರದು. ಅದನ್ನು ಬೆರಳಿನ ಸಣ್ಣ ನಾಳಗಳವರೆಗೆ ತಂದವರು ಕೈಯ ಸರ್ಜನ್ ಏಡ್ರಿಯನ್ ಫ್ಲಾಟ್, 1980ರಲ್ಲಿ. ತೋಳನ್ನಷ್ಟೇ ಮರಗಟ್ಟಿಸಿ ಮಾಡಬಹುದು, ಇದು ನಿಮ್ಮ ಅಮ್ಮನಿಗೆ ದೊಡ್ಡ ಅನುಕೂಲ, ಏಕೆಂದರೆ ಬಾಯಿ ಕಿರಿದಾಗಿರುವವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟಲಿಗೆ ನಳಿಕೆ ಹಾಕುವುದು ಕಷ್ಟ. ಅಂಗೈ ಮತ್ತು ಮಣಿಕಟ್ಟಿನಲ್ಲಿ ಸಣ್ಣ ಗೀರು ಹಾಕಿ, ಕಬ್ಬಿನ ಸಿಪ್ಪೆ ಸುಲಿದ ಹಾಗೆ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಹೊರಪದರ ಬಿಡಿಸುತ್ತೇವೆ. ಒಳಗೆ ರಕ್ತ ಹರಿಯುವ ನಾಳ ಹಾಗೇ ಇರುತ್ತದೆ. ಮೊದಲು ಇಳಿಯುವುದು ನೋವು, ಎಷ್ಟೋ ಸಲ ಮೊದಲ ವಾರದಲ್ಲೇ. ಹುಣ್ಣು ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಪಾಯಗಳನ್ನು ಮುಚ್ಚಿಡುವುದಿಲ್ಲ. ಬಿಗಿದ ಚರ್ಮದಲ್ಲಿ ಗಾಯ ನಿಧಾನವಾಗಿ ಕೂಡುತ್ತದೆ, ಕೀವಾಗಬಹುದು, ಬೆರಳು ಪೆಡಸಾಗಬಹುದು, ಸ್ವಲ್ಪ ಜಾಗ ಜೋಮು ಹಿಡಿದಂತೆ ಉಳಿಯಬಹುದು, ಅಪರೂಪಕ್ಕೆ ಸಣ್ಣ ನಾಳವೇ ಹರಿಯಬಹುದು. ಈ ಚಿಕಿತ್ಸೆಯ ಬಗ್ಗೆ ಇರುವ ವರದಿಗಳೆಲ್ಲ ಸಣ್ಣ ಗುಂಪುಗಳ ಮೇಲಿನವು. ಹೆಚ್ಚಿನವರಿಗೆ ಅನುಕೂಲವಾಗಿದೆ, ಕೆಲವರಿಗೆ ಹುಣ್ಣು ಮರಳಿದೆ, ಕೆಲವರಿಗೆ ಕೊನೆಗೆ ತುದಿ ತೆಗೆಯಬೇಕಾಗಿದೆ. ಮೂಲ ಕಾಯಿಲೆ ಹಾಗೇ ಇರುವುದರಿಂದ ಮಾತ್ರೆಗಳು ಆಮೇಲೂ ಬೇಕು.

ಎರಡನೆಯವರು ಹೇಳಿದ್ದು ಎದೆಯೊಳಗಿನ ಸಿಂಪಥೆಕ್ಟಮಿ. ಕಂಕುಳ ಬಳಿ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಬೆನ್ನುಮೂಳೆಯ ಪಕ್ಕದ ಸರಪಣಿಯಂಥ ನರವನ್ನು ಕತ್ತರಿಸುವುದು. ಅಂಗೈ ಅತಿಯಾಗಿ ಬೆವರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬೀಡಿ ಬಿಟ್ಟ ಬರ್ಗರ್ಸ್ ರೋಗಿಗಳಲ್ಲಿ ನೋವಿಗೆ, ಹುಣ್ಣಿಗೆ ನಾನೂ ಮಾಡಿದ್ದೇನೆ. ಆದರೆ ರೇನಾಡ್‌ಗೆ ಮಾಡಿದಾಗ ಮೊದಮೊದಲು ಕೈ ಬೆಚ್ಚಗಾಗಿ, ಕೆಲವು ತಿಂಗಳಿಂದ ಎರಡು ವರ್ಷದೊಳಗೆ ಅನೇಕರಿಗೆ ಮರಳಿದೆ. ಕೈ ಒಣಗಿ ಬೆನ್ನು, ಹೊಟ್ಟೆ ವಿಪರೀತ ಬೆವರತೊಡಗುವುದು, ಕಣ್ಣುರೆಪ್ಪೆ ಜೋತುಬೀಳುವುದು, ಶ್ವಾಸಕೋಶದ ಸುತ್ತ ಗಾಳಿ ಸೇರುವುದು ಇದರ ತೊಂದರೆಗಳು. ಪೂರ್ತಿ ಪ್ರಜ್ಞೆ ತಪ್ಪಿಸಿ, ಒಂದು ಕಡೆಯ ಶ್ವಾಸಕೋಶ ಕುಗ್ಗಿಸಿ ಮಾಡಬೇಕು. ಸ್ಕ್ಲೀರೋಡರ್ಮಾ ಶ್ವಾಸಕೋಶಕ್ಕೂ ಹಬ್ಬಿದ್ದರೆ ಅದು ಸಣ್ಣ ಮಾತಲ್ಲ. ಅಂಗೈಯದೋ ಎದೆಯದೋ ಎಂದು ನೀವು ನನ್ನನ್ನೇ ಕೇಳಿದರೆ, ನಿಮ್ಮ ಅಮ್ಮನಂಥವರಿಗೆ ನಾನು ಅಂಗೈಯ ಕಡೆಗೇ ಹೋಗುತ್ತೇನೆ.

ಆಂಜಿಯೋಗ್ರಾಮ್‌ನಲ್ಲಿ ಮಣಿಕಟ್ಟಿನ ನಾಳ ಮುಚ್ಚಿದ್ದು, ಅದರ ಕೆಳಗೆ ಅಂಗೈಯಲ್ಲಿ ದಾರಿ ತೆರೆದಿರುವುದು ಕಂಡರೆ ಮಾತ್ರ ಮೂರನೆಯ ದಾರಿ: ಮುಂಗೈ ಅಥವಾ ಕಾಲಿನ ಒಂದು ನಾಳದ ತುಂಡು ತೆಗೆದು ಬೈಪಾಸ್ ಮಾಡುವುದು. ಕೆಳಗೂ ಮುಚ್ಚಿದ್ದರೆ ಬೈಪಾಸ್ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ.

ಬೆರಳು, ಮುಂಗೈ, ತೋಳು ಎಂದು ಕತ್ತರಿಸುತ್ತಾ ಹೋಗುತ್ತಾರೆಂಬ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ರಕ್ತ ಸಾಲದ ಜಾಗದಲ್ಲಿ ಅವಸರಪಟ್ಟು ತುದಿ ಕತ್ತರಿಸಿದರೆ ಆ ಗಾಯವೂ ಮಾಯದೆ ಮತ್ತೆ ಮೇಲೆ ಕತ್ತರಿಸಬೇಕಾಗುತ್ತದೆ. ಅದಕ್ಕೇ ಕಪ್ಪು ಭಾಗ ಒಣಗಿದ್ದು, ಕೀವಿಲ್ಲದಿದ್ದರೆ ನಾವು ಕಾಯುತ್ತೇವೆ. ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವೆ ತಾನಾಗಿ ಗೆರೆ ಮೂಡುತ್ತದೆ. ಎಷ್ಟೋ ಸಲ ಹಕ್ಕಳೆಯಂತೆ ಉದುರಿ, ನೋಡಿದಾಗ ಹೆದರಿದ್ದಕ್ಕಿಂತ ಬಹಳ ಕಡಿಮೆ ಹೋಗಿರುತ್ತದೆ. ಕೀವು, ದುರ್ವಾಸನೆ, ಜ್ವರ, ಗಂಟೆಗಂಟೆಗೂ ಮೇಲೇರುವ ಕಪ್ಪು ಕಂಡರೆ ಮಾತ್ರ ಕಾಯುವಂತಿಲ್ಲ, ಅದೇ ದಿನ ಆಸ್ಪತ್ರೆ. ತಲೆ ಸಿಡಿಯುವಂತೆ ನೋವು ಬಂದು ಬಿಪಿ ಏರಿದರೂ, ಉಸಿರಾಡಲು ಕಷ್ಟವಾದರೂ ಹಾಗೆಯೇ.

ಅಜ್ಜಿಯ ಕರ್ಪೂರದ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ಅವರು ಪ್ರೀತಿಯಿಂದ ಮಾಡುತ್ತಿದ್ದಾರೆ, ಗದರಬೇಡಿ. ರಕ್ತ ಸಾಲದ ಬೆರಳಿಗೆ ಬಿಸಿಯ ಅರಿವು ಸರಿಯಾಗಿರುವುದಿಲ್ಲ, ಸುಟ್ಟದ್ದು ಗೊತ್ತಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ತಿಕ್ಕಿದರೆ ಹುಣ್ಣು ಕೆದರುತ್ತದೆ. ಕುದಿನೀರಿನ ಶಾಖವೂ ಬೇಡ. ಬೇರೆಯವರು ಮೊಣಕೈಯಿಂದ ಮುಟ್ಟಿ ನೋಡಿದ ಉಗುರುಬೆಚ್ಚಗಿನ ನೀರು ಸಾಕು. ಅಜ್ಜಿಗೆ ಇನ್ನೊಂದು ಕೆಲಸ ಕೊಡಿ: ಅಮ್ಮನ ಎದೆ, ಬೆನ್ನು, ಕಿವಿ ಬೆಚ್ಚಗಿರುವಂತೆ ಸ್ವೆಟರ್, ಸ್ಕಾರ್ಫ್ ಹಾಕಿಸಲಿ. ಮೈ ತಣ್ಣಗಾದರೆ ಕೈಗೆ ಎಷ್ಟು ಗವಸು ಹಾಕಿದರೂ ಬೆರಳು ಬಿಗಿಯುತ್ತದೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಕೆ.ಆರ್. ಆಸ್ಪತ್ರೆಯಲ್ಲಿ ತೋರಿಸಿ, ಯೋಜನೆಯ ಕೌಂಟರಿನಲ್ಲಿ ನಿಮ್ಮ ಅಮ್ಮನಿಗೆ ಬರೆದ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಕೇಳಿ, ಬೇರೆ ಕಡೆ ಹೋಗಬೇಕಾದರೆ ಅಲ್ಲಿಂದಲೇ ರೆಫರಲ್ ಪತ್ರ ಪಡೆಯಿರಿ. ಅವರು ನುಂಗುವ ಎಲ್ಲ ಮಾತ್ರೆಗಳ ಹಾಳೆಯನ್ನೂ, ಬೆರಳು ಬೆಳ್ಳಗೆ, ನೀಲಿಯಾದಾಗ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನೂ ಒಯ್ಯಿರಿ. ಡಾಕ್ಟರ ಮುಂದೆ ಕೂತಾಗ ಬೆರಳು ಮಾಮೂಲಾಗಿಯೇ ಕಾಣುವುದು ಹೆಚ್ಚು.

ಹೂವಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ, ಅಮ್ಮ ನಿಮ್ಮ ಕೈಲಿ ಪತ್ರ ಬರೆಸಿದ್ದೇ ಅದಕ್ಕಾಗಿ ಇರಬಹುದು ಎನ್ನಿಸಿತು. ಹುಣ್ಣು ಮಾಯುವವರೆಗೆ ಕಟ್ಟುವುದು ಬೇಡ, ಮಾರಲಿ. ಮಾಯ್ದ ಮೇಲೆ ಕಟ್ಟಬಹುದು, ಕ್ರಮ ಬದಲಿಸಿಕೊಂಡು. ಐಸ್ ಇಟ್ಟ ಡಬ್ಬಿಯಿಂದ ಹೂ ತೆಗೆಯುವ, ನೀರು ಚಿಮುಕಿಸುವ ಕೆಲಸ ಬೇರೆಯವರದಾಗಲಿ. ಬೆಳಗಿನ ಜಾವಕ್ಕೆ ಬದಲು ಬಿಸಿಲೇರಿದ ಮೇಲೆ ಕೂರಲಿ. ತೆಳು ಹತ್ತಿಯ ಗವಸಿನ ಮೇಲೆ ನೀರು ಇಳಿಯದ ಗವಸು ಹಾಕಿದರೆ ಮಲ್ಲಿಗೆಯಂಥ ಸಣ್ಣ ಹೂ ಕಟ್ಟುವುದು ಕಷ್ಟ, ಸೇವಂತಿಗೆ ಕಟ್ಟಬಹುದು. ಬಾಳೆನಾರು ನೆನೆಸುವ ನೀರು ಮಾತ್ರ ಯಾವಾಗಲೂ ಉಗುರುಬೆಚ್ಚಗಿರಲಿ, ಪಕ್ಕದಲ್ಲಿ ಒಂದು ಫ್ಲಾಸ್ಕ್ ಇಟ್ಟುಕೊಳ್ಳಲು ಹೇಳಿ.